ತಿಪ್ಪಸಂದ್ರದಲ್ಲಿ ಒಂದು ಮಾಸದ ವಾಚನ

ನಮ್ಮ ಹಿರಿಯರು ನೀರಿನ ವಿಷಯದಲ್ಲಿ ಎಂಥ ಭಕ್ತಿಯುಳ್ಳವರಾಗಿದ್ದರೆಂಬುದನ್ನು ತಿಳಿಯಬೇಕಾದರೆ ಊರುಗಳ ಹೆಸರುಗಳನ್ನು ನೋಡಬೇಕು. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ—ಇವುಗಳ ಕೊನೆಯಲ್ಲಿರುವ ‘ಸಂದ್ರ’ವು ಸಂಸ್ಕೃತದ ‘ಸಮುದ್ರ’ ಶಬ್ದದ ತದ್ಭವವು. ಕಡಲನ್ನು ಕಣ್ಣಾರೆ ಕಾಣದ ಜನರು ನಾಲ್ಕು ಗದ್ದೆಗಳಿಗೆ ನೀರುಣಿಸುವ ಕೆರೆಯೊಂದನ್ನು ಕಟ್ಟಿ, ಅದನ್ನು ಸಮುದ್ರವೆಂದು ಕರೆದರು. ಇದು ಅತಿಶಯೋಕ್ತಿಯೆಂದು ಆಲಂಕಾರಿಕರು ಹೇಳಬಹುದು. ಮಳೆಯನ್ನೇ ನಂಬಿ ಬದುಕುವ ಬಯಲುಸೀಮೆಯಲ್ಲಿ ತುಂಬಿದ ಕೆರೆಯ ಏರಿಯ ಮೇಲೆ ಒಂದು ಸಂಜೆ ನಿಂತು ನೋಡಿದವರಿಗಾದರೋ ಅದು ಸ್ವಭಾವೋಕ್ತಿಯೆಂದೇ ತೋರುವುದು.

ನಾವು ಹೇಳಹೊರಟಿರುವ ತಿಪ್ಪಸಂದ್ರವು ಮಾಗಡಿ ತಾಲ್ಲೂಕಿನ ಒಂದು ಹೋಬಳಿಯ ಮುಖ್ಯಸ್ಥಳ. ಬೆಂಗಳೂರಿನ ಪೂರ್ವಭಾಗದಲ್ಲಿ ಇದೇ ಹೆಸರಿನ ಬಡಾವಣೆಯೊಂದಿರುವುದರಿಂದ ವಾಚಕರು ಗಲಿಬಿಲಿಗೊಳ್ಳಬಾರದು. ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು ೫೦ ಕಿಲೋಮೀಟರು ಬಂದರೆ ಮಾಗಡಿ. ಅಲ್ಲಿಂದ ಇನ್ನೊಂದು ಬಸ್ಸು. ಈ ಸೀಮೆಯು ಮೊದಲು ಬೆಂಗಳೂರು ಜಿಲ್ಲೆಗೂ, ೧೯೮೬ರಿಂದ ಬೆಂಗಳೂರು ಗ್ರಾಮಾಂತರಕ್ಕೂ, ೨೦೦೭ರಿಂದ ರಾಮನಗರ ಜಿಲ್ಲೆಗೂ ಸೇರಿದ್ದಿತು. ೨೦೨೫ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರಾಯಿತು. ಜಿಲ್ಲೆಯ ಹೆಸರು ಎಷ್ಟು ಸಲ ಬದಲಾದರೂ ಹೊಲದಲ್ಲಿ ಬೆಳೆಯುವುದು ಮಾತ್ರ ರಾಗಿ, ಅವರೆ, ಮಾವು.

ಕಳೆದ ಮಾರ್ಗಶಿರ ಮಾಸವನ್ನು ನಾವು ಅಲ್ಲಿ ಕಳೆಯಬೇಕಾಗಿ ಬಂದಿತು. ಕಾರಣವೇನೆಂದರೆ, ನಮ್ಮೊಡನೆ ಒಂದೇ ಪಾಠಶಾಲೆಯಲ್ಲಿ ಕಾವ್ಯ ಮತ್ತು ತರ್ಕವನ್ನು ಓದಿ, ಮುಂದೆ ನಮ್ಮಂತೆಯೇ ಉಪಾಧ್ಯಾಯವೃತ್ತಿಯನ್ನು ಹಿಡಿದಿದ್ದ ಮಿತ್ರರೊಬ್ಬರು ಸ್ವರ್ಗಸ್ಥರಾಗಿ ಒಂದು ವರ್ಷ ತುಂಬಿದ್ದಿತು. ಅವರು ಬಿಟ್ಟುಹೋದುದು ಸ್ವಲ್ಪ ಹೊಲ, ಒಂದು ತೊಟ್ಟಿಯ ಮನೆ, ಎರಡು ಕಬ್ಬಿಣದ ಟ್ರಂಕು, ಹಲಸಿನ ಹಲಗೆಯ ಒಂದು ದೊಡ್ಡ ಪೆಟ್ಟಿಗೆ. ಟ್ರಂಕುಗಳಲ್ಲಿಯೂ ಪೆಟ್ಟಿಗೆಯಲ್ಲಿಯೂ ಇದ್ದುದು ಪುಸ್ತಕಗಳು. ಮಿತ್ರರ ಮಗ ಬೆಂಗಳೂರಿನ ಕಾರ್ಖಾನೆಯೊಂದರಲ್ಲಿ ದುಡಿದು ವಾರಕ್ಕೊಮ್ಮೆ ಬರುವವನು. ಮನೆಯನ್ನೂ ಹೊಲವನ್ನೂ ನೋಡಿಕೊಳ್ಳುವವಳು ಸೊಸೆ. ಆಕೆಯು ನಮ್ಮನ್ನು ಆದರದಿಂದ ಬರಮಾಡಿಕೊಂಡು, ಕಾಫಿಯನ್ನು ಕೊಟ್ಟು, ಮುಚ್ಚುಮರೆಯಿಲ್ಲದೆ ಹೇಳಿದಳು: “ಮೇಷ್ಟ್ರೇ, ರಾಗಿ ಮೂಟೆ ಇಡೋದಕ್ಕೆ ಜಾಗವಿಲ್ಲ. ದೇವರ ಪುಸ್ತಕಗಳಿದ್ದರೆ ಬೇರೆ ಮಾಡಿಕೊಡಿ, ದೇವರ ಮನೆಯಲ್ಲಿ ಇಡುತ್ತೇನೆ. ಮಿಕ್ಕದ್ದನ್ನು ತೂಕಕ್ಕೆ ಹಾಕಿಬಿಡೋಣ.”

ಆ ಮಾತಿನಲ್ಲಿ ತಪ್ಪೇನೂ ನಮಗೆ ಕಾಣಲಿಲ್ಲ. ಓದುವವರಿಲ್ಲದ ಪುಸ್ತಕವು ಮನೆಯಲ್ಲಿ ಸ್ಥಳವನ್ನು ತಿನ್ನುವುದಲ್ಲದೆ ಗೆದ್ದಲನ್ನೂ ಕರೆಯುವುದು. ಇದಲ್ಲದೆ, ಅರುವತ್ತು ತುಂಬಿದವರು ಮೋಕ್ಷಶಾಸ್ತ್ರವೊಂದನ್ನುಳಿದು ಬೇರೇನನ್ನೂ ಓದಬಾರದೆಂದು ನಮಗೇ ಉಪದೇಶಿಸುವ ಹಿತೈಷಿಗಳೂ ಇದ್ದಾರೆ. ಆದರೆ ಮಿತ್ರರು ಗೀತಾಭಾಷ್ಯದ ಪಕ್ಕದಲ್ಲಿ ಪತ್ತೇದಾರಿ ಕಾದಂಬರಿಯನ್ನೂ, ಅಮರಕೋಶದ ಕೆಳಗೆ ಮಕ್ಕಳ ಪದ್ಯಗಳನ್ನೂ ಒಟ್ಟಿಗೆ ಇಟ್ಟುಕೊಂಡು ನಲವತ್ತು ವರ್ಷ ಬಾಳಿದರು. ಅದರಲ್ಲಿ ಏನಾದರೊಂದು ಅರ್ಥವಿರಬೇಕೆಂದು ನಮಗೆ ತೋರಿತು. ಆದುದರಿಂದ ಒಂದು ತಿಂಗಳು ಅವಧಿ ಬೇಡಿ, ಒಂದೊಂದು ಜಾತಿಯ ಪುಸ್ತಕದಲ್ಲಿ ಒಂದನ್ನಾದರೂ ಓದಿ ನೋಡಿ ಅನಂತರ ತೀರ್ಪು ಹೇಳುವೆವೆಂದು ಒಪ್ಪಿಸಿದೆವು. ಆಕೆಯು ನಕ್ಕು, “ಅಷ್ಟರಲ್ಲಿ ಅವರೆಕಾಯಿಯೂ ಮುಗಿಯುತ್ತೆ, ಇರಿ” ಎಂದಳು.

ಬೆಳಗಿನ ಹೊತ್ತನ್ನು ಶಾಸನಗಳಿಗೆ ಕೊಟ್ಟೆವು. ಪೆಟ್ಟಿಗೆಯ ತಳದಲ್ಲಿ ರಟ್ಟು ಕಳಚಿದ ಭಾರಿಯ ಗ್ರಂಥವೊಂದಿದ್ದಿತು. ಅದು ಬಿ. ಎಲ್. ರೈಸರು ಸಂಪಾದಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಒಂಬತ್ತನೆಯ ಸಂಪುಟ, ೧೯೦೫ರಲ್ಲಿ ಪ್ರಕಟವಾದುದು. ಅಂದಿನ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ತಾಲ್ಲೂಕುವಾರಾಗಿ ಇದರಲ್ಲಿ ಕೊಟ್ಟಿದೆ. ಮಾಗಡಿ ತಾಲ್ಲೂಕಿನವೂ ಇವೆ. ರೈಸರು ೧೮೩೭ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿದವರು. ಹೊಲದ ಬದುವಿನಲ್ಲಿ, ದೇವಾಲಯದ ಗೋಡೆಯಲ್ಲಿ, ಕೆರೆಯ ತೂಬಿನ ಹತ್ತಿರ ಬಿದ್ದಿದ್ದ ಕಲ್ಲುಗಳ ಅಕ್ಷರಗಳನ್ನು ಊರೂರಿನಿಂದಲೂ ಪ್ರತಿಮಾಡಿಸಿ ಅಚ್ಚುಹಾಕಿಸಿದ ಅವರ ಶ್ರಮವನ್ನು ನೆನೆದರೆ ಕೈಮುಗಿಯಬೇಕೆನಿಸುತ್ತದೆ.

ಶಾಸನವನ್ನು ಮೊದಲ ಸಲ ಓದುವವರಿಗೆ ಬೇಸರವಾಗುವುದು ಸಹಜ. ಅರಸನ ಬಿರುದುಗಳು, ಶಕವರ್ಷ, ದಾನಿಯ ಹೆಸರು, ನೆಲದ ಎಲ್ಲೆ, ಸಾಕ್ಷಿಗಳು, ಕೊನೆಗೆ ದಾನವನ್ನು ಕೆಡಿಸಿದವರಿಗೆ ಶಾಪ—ಇಷ್ಟೇ ಹಂದರವು. ಆದರೆ ಎಂಟು ಹತ್ತು ದಿನ ಓದಿದ ಮೇಲೆ ಒಂದು ವಿಷಯವು ಕಾಣುತ್ತದೆ. ಬಿರುದುಗಳು ಎಲ್ಲ ಕಡೆಯಲ್ಲಿಯೂ ಒಂದೇ ತೆರನಾಗಿರುತ್ತವೆ. ಎಲ್ಲೆಗಳು ಮಾತ್ರ ಒಂದರಂತೆ ಒಂದಿಲ್ಲ. ಅರಸನ ಸ್ತುತಿಯನ್ನು ಪದ್ಧತಿಯು ಬರೆಯಿತು. ಹಳ್ಳ, ಮರ, ಗುಂಡು, ದಾರಿಗಳ ಗುರುತನ್ನು ಆ ನೆಲದ ಮೇಲೆ ನಡೆದವನು ಬರೆಯಿಸಿದನು. ಗದ್ಯದಲ್ಲಿ ಸತ್ಯವು ಎಲ್ಲಿ ನಿಲ್ಲುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ನಾವು ಶಾಲೆಯಲ್ಲಿ ಹೇಳಿದ್ದುದು ಜ್ಞಾಪಕವಿಲ್ಲ.

ಆ ಗ್ರಂಥದೊಳಗೆ ಮಿತ್ರರ ಕೈಬರಹದ ಹಾಳೆಯೊಂದು ಸಿಕ್ಕಿತು. ಕಡಪ ಜಿಲ್ಲೆಯ ಪೋರುಮಾಮಿಳ್ಳದ ಕೆರೆಯ ಸಂಸ್ಕೃತ ಶಾಸನವನ್ನು ಅವರು ಬೇರೆಲ್ಲಿಂದಲೋ ಇಳಿಸಿಕೊಂಡಿದ್ದರು. ವಿಜಯನಗರದ ಬುಕ್ಕರಾಯನ ಮಗನಾದ ಭಾಸ್ಕರನು ೧೩೬೯ರಲ್ಲಿ ಹಾಕಿಸಿದ ಶಾಸನವದು. ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಯನ್ನು ಕೆಡಿಸುವ ಆರು ದೋಷಗಳನ್ನೂ ಅದರಲ್ಲಿ ಎಣಿಸಿದೆ. ಏರಿಯು ಸೋರುವುದು, ನೆಲವು ಚೌಳಾಗಿರುವುದು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ನಡುವೆ ದಿಬ್ಬವಿರುವುದು, ನೀರು ಸ್ವಲ್ಪವಿದ್ದು ನೆಲವು ಬಹಳವಾಗಿರುವುದು, ನೀರು ಬಹಳವಿದ್ದು ನೆಲವು ಸ್ವಲ್ಪವಾಗಿರುವುದು—ಇವೇ ಆ ದೋಷಗಳು. ಆರನೆಯ ದೋಷದ ಕೆಳಗೆ ಮಿತ್ರರು ಪೆನ್ಸಿಲಿನಿಂದ ಒಂದು ಗೆರೆ ಎಳೆದಿದ್ದರು. ಬಹಳ ಓದಿ ಯಾವ ಹೊಲಕ್ಕೂ ಹರಿಯಿಸದ ಪಂಡಿತರನ್ನು ನೆನೆದು ಎಳೆದರೋ, ತಮ್ಮನ್ನೇ ನೆನೆದು ಎಳೆದರೋ, ಕೇಳುವುದಕ್ಕೆ ಅವರೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾದಂಬರಿ. ಕೋಟ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಬಹುಕಾಲದ ಮೇಲೆ ಮತ್ತೆ ತೆರೆದೆವು. ಕರಾವಳಿಯ ಕೋಡಿಯೆಂಬ ಊರಿನ ಒಂದು ಮನೆತನದ ಮೂರು ತಲೆಮಾರುಗಳ ಕಥೆ ಅದು. ರಾಮ ಐತಾಳನ ಮನೆಯಲ್ಲಿ ಪಾರೋತಿ, ಸರಸೋತಿಯರು ಮಳೆಗಾಲವೆನ್ನದೆ, ಬೇಸಗೆಯೆನ್ನದೆ ದುಡಿಯುತ್ತಾರೆ. ಇಂಗ್ಲಿಷು ಕಲಿತು ಮೇಲೇರಲೆಂದು ಕಳುಹಿಸಿದ ಮಗನು ಮನೆಯನ್ನೇ ಕಳೆಯುತ್ತಾನೆ. ಮೊಮ್ಮಗನು ಮದರಾಸು ಮುಂಬಯಿಗಳನ್ನು ನೋಡಿ ಹಿಂದಿರುಗಿ ಬರುತ್ತಾನೆ. ಕಣದಲ್ಲಿ ಕೆಲಸವಿಲ್ಲದಾಗ ಮನೆಯ ಸೊಸೆಯು ಅವರೆಕಾಳನ್ನು ಹಿದುಕುತ್ತ ಕುಳಿತಿರುತ್ತಿದ್ದಳು. ಒಂದು ದಿನ, “ಅದರಲ್ಲಿ ಏನಿದೆ, ಅಷ್ಟು ಹೊತ್ತು ತಲೆ ಎತ್ತದೆ ಓದುತ್ತೀರಲ್ಲ?” ಎಂದು ಕೇಳಿದಳು. ನಾವು ಸರಸೋತಿಯ ದುಡಿಮೆಯ ಭಾಗವನ್ನು ಸ್ವಲ್ಪ ಓದಿ ಹೇಳಿದೆವು. ಕೇಳಿ ಸುಮ್ಮನಿದ್ದು, ಅನಂತರ ಆಕೆಯು, “ಇಲ್ಲಿ ಉಪ್ಪುನೀರೊಂದಿಲ್ಲ, ಅಷ್ಟೆ” ಎಂದಳು. ಆ ಮೇಲೆ ದಿನವೂ ಮಧ್ಯಾಹ್ನ ಅವರೆಕಾಳಿನ ಮೊರವು ನಮ್ಮ ಜಗಲಿಗೇ ಬರತೊಡಗಿತು.

ಇತಿಹಾಸವನ್ನು ಓದುವಾಗ ಕಾಲುಗಳಿಗೂ ಕೆಲಸ ಕೊಡಬೇಕೆಂಬುದು ನಮ್ಮ ಹಳೆಯ ಅಭ್ಯಾಸ. ಕೆಂಪೇಗೌಡರ ವಂಶದವರು ೧೬೩೮ರಲ್ಲಿ ಬಿಜಾಪುರದ ಸೈನ್ಯಕ್ಕೆ ಬೆಂಗಳೂರನ್ನು ಬಿಟ್ಟು ಮಾಗಡಿಯಲ್ಲಿ ನೆಲೆಸಿದುದು, ೧೭೨೮ರಲ್ಲಿ ಮಾಗಡಿಯೂ ಸಾವನದುರ್ಗವೂ ಮೈಸೂರಿನ ವಶವಾದುದು, ಟೀಪುವಿನ ಕಾಲದಲ್ಲಿ ೧೭೯೧ರ ಡಿಸೆಂಬರಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯವು ಆ ದುರ್ಗವನ್ನು ಹಿಡಿದುದು—ಇವೆಲ್ಲ ಪುಸ್ತಕದಲ್ಲಿ ಎರಡು ಪುಟಗಳೊಳಗೆ ಮುಗಿಯುತ್ತವೆ. ಒಂದು ಭಾನುವಾರ ಮಾಗಡಿಗೆ ಹೋಗಿ, ಅಲ್ಲಿಂದ ಸಾವನದುರ್ಗದ ತಪ್ಪಲನ್ನು ಸೇರಿದೆವು. ಕರಿಗುಡ್ಡ, ಬಿಳಿಗುಡ್ಡಗಳೆಂದು ಎರಡಾಗಿ ನಿಂತಿರುವ ಆ ಬಂಡೆಯು ಸಮುದ್ರಮಟ್ಟಕ್ಕೆ ೧೨೨೬ ಮೀಟರು ಎತ್ತರ. ವೀರಭದ್ರ, ನರಸಿಂಹ ದೇವಾಲಯಗಳ ಮುಂದೆ ನಿಂತು ತಲೆಯೆತ್ತಿ ನೋಡಿದಾಗ, ಅದರ ಮೇಲೆ ಭಾರವನ್ನು ಹೊತ್ತು ಹತ್ತಿದ ಆಳುಗಳ ಹೆಸರು ಯಾವ ಇತಿಹಾಸದಲ್ಲಿಯೂ ಏಕಿಲ್ಲವೆಂಬ ಪ್ರಶ್ನೆಯು ಎದ್ದಿತು. ಇತಿಹಾಸವು ಬಿಟ್ಟುದನ್ನು ಕಾದಂಬರಿಯು ಹೇಳುತ್ತದೆ. ಕಾದಂಬರಿಯು ಕಲ್ಪಿಸಿದುದನ್ನು ಇತಿಹಾಸವು ಲಂಗರು ಹಾಕಿ ನಿಲ್ಲಿಸುತ್ತದೆ. ಒಂದನ್ನೇ ಓದಿದವನು ಒಂದೇ ಚಕ್ರದ ಗಾಡಿಯಲ್ಲಿ ಕುಳಿತವನು.

ಇನ್ನು ನಗಬೇಡಿರಿ: ಮೂರನೆಯ ವಾರದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಯೊಂದನ್ನು ಎರಡೇ ಕೂರುಗಳಲ್ಲಿ ಮುಗಿಸಿದೆವು. ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಒಂದು ಕಾಲದಲ್ಲಿ ಕನ್ನಡ ನಾಡಿನ ಹುಡುಗರು ಪಾಠದ ಪುಸ್ತಕದೊಳಗೆ ಕಾದಂಬರಿಯನ್ನು ಅಡಗಿಸಿಕೊಂಡು ಓದುತ್ತಿದ್ದರು. ಅನ್ನಂಭಟ್ಟನ ‘ತರ್ಕಸಂಗ್ರಹ’ವನ್ನು ಓದಿದವರೆಲ್ಲರೂ ಬೆಟ್ಟದ ಮೇಲೆ ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ಅನುಮಾನದ ಉದಾಹರಣೆಯನ್ನು ಬಲ್ಲರು. ಪತ್ತೇದಾರನು ಮಾಡುವುದೂ ಅದನ್ನೇ: ಹೆಜ್ಜೆಯ ಗುರುತು ಧೂಮ, ಕಳ್ಳನು ಅಗ್ನಿ. ಹೊಗೆಯೆಂದು ಕಂಡುದು ಮಂಜಾಗಿರಬಹುದೆಂಬ ಎಚ್ಚರವನ್ನು ನೈಯಾಯಿಕರು ಹೇತ್ವಾಭಾಸಪ್ರಕರಣದಲ್ಲಿ ಕಲಿಸಿದರೆ, ಕಾದಂಬರಿಕಾರನು ಐದನೆಯ ಅಧ್ಯಾಯದಲ್ಲಿ ನಿರಪರಾಧಿಯೊಬ್ಬನ ಮೇಲೆ ಸಂಶಯ ಹುಟ್ಟಿಸಿ ಕಲಿಸುತ್ತಾನೆ. ಊರುಮಾತನ್ನು ಕೇಳಿದೊಡನೆ ನಂಬುವ ಈ ಕಾಲದಲ್ಲಿ ಎರಡೂ ಬೇಕು.

ಡಿ. ವಿ. ಜಿ. ಅವರ ‘ಜ್ಞಾಪಕ ಚಿತ್ರಶಾಲೆ’ಯ ಸಂಪುಟಗಳೂ, ಅವರ ಮಗ ಬಿ. ಜಿ. ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಎಂಬ ಪುಸ್ತಕವೂ ಒಂದೇ ಟ್ರಂಕಿನಲ್ಲಿದ್ದವು. ತಂದೆಯವರು ತಾವು ಕಂಡ ಮನುಷ್ಯರ ಚಿತ್ರಗಳನ್ನು ತೂಗುಹಾಕಿದರು. ಸಸ್ಯಶಾಸ್ತ್ರಜ್ಞರಾದ ಮಗನವರು ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥೆಯನ್ನು ಹಾಸ್ಯದಿಂದ ಹೇಳುತ್ತ ಗಿಡಮರಗಳ ಚಿತ್ರಗಳನ್ನು ತಾವೇ ಬರೆದು ತೋರಿಸಿದರು. ಆ ಪುಸ್ತಕಕ್ಕೆ ೧೯೭೮ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ನಾವು ಅಮರಕೋಶದ ವನೌಷಧಿವರ್ಗವನ್ನು ಬಾಯಿಪಾಠ ಮಾಡಿದವರು. ಕರಂಜವೆಂದರೆ ಹೊಂಗೆಯೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲೆವು. ಆದರೆ ಹೊಂಗೆಯ ಎಲೆಯಲ್ಲಿ ಎಷ್ಟು ದಳಗಳಿರುವುವೆಂದು ಎಣಿಸಿ ನೋಡುವ ಆಸೆಯನ್ನು ಹುಟ್ಟಿಸಿದುದು ಸ್ವಾಮಿಯವರ ಪುಸ್ತಕ. ಮಿತ್ರರ ಮೊಮ್ಮಗಳು, ಎಂಟನೆಯ ತರಗತಿಯಲ್ಲಿ ಓದುವವಳು, ಬೇಲಿಯಿಂದ ಎಲೆಗಳನ್ನು ಕಿತ್ತು ತಂದು ನಮ್ಮನ್ನು ಪರೀಕ್ಷಿಸುವುದಕ್ಕೆ ಪ್ರಾರಂಭಿಸಿದಳು. ಅಧ್ಯಾಪಕರಿಗೆ ನಿವೃತ್ತಿಯಾದ ಮೇಲೆ ಪರೀಕ್ಷೆಗೆ ಕೂರುವುದು ಒಂದು ಬಗೆಯ ಸೌಖ್ಯ.

ಸಂಜೆ ದೀಪ ಹಚ್ಚಿದ ಮೇಲೆ ಓದನ್ನು ಎಲ್ಲರೂ ಕೇಳುವಂತೆ ಗಟ್ಟಿಯಾಗಿ ನಡೆಸುವ ಪದ್ಧತಿಯು ತಾನಾಗಿಯೇ ಬೆಳೆಯಿತು. ಮೊದಲು ಹುಡುಗಿಯು ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯ ಪದ್ಯಗಳನ್ನು ಓದುವಳು. ರಾಜರತ್ನಂ ಅವರು ಇದೇ ಸೀಮೆಯ ರಾಮನಗರದಲ್ಲಿ ಹುಟ್ಟಿದವರು. ಅವರೊಬ್ಬರೇ ಮಕ್ಕಳಿಗೆ ಹಾಡುಗಳನ್ನೂ, ಕುಡುಕನ ಬಾಯಿಂದ ‘ರತ್ನನ ಪದಗಳ’ನ್ನೂ, ಗಂಭೀರರಾದ ವಾಚಕರಿಗೆ ಬೌದ್ಧ ಜೈನ ಕಥೆಗಳನ್ನೂ ಕೊಟ್ಟರು. ಬರೆಯುವವರು ಇಷ್ಟು ಬಗೆಯಾಗಿ ಬರೆದಿರಲು, ಓದುವವರು ಒಂದೇ ಬಗೆಯನ್ನು ಹಿಡಿದು ಕೂರುವುದು ಜಿಪುಣತನವಲ್ಲವೇ?

ಆಮೇಲೆ ನಮ್ಮ ಸರದಿ, ಸೋಮದೇವನ ‘ಕಥಾಸರಿತ್ಸಾಗರ’. ಕಾಶ್ಮೀರದಲ್ಲಿ ಹನ್ನೊಂದನೆಯ ಶತಮಾನದಲ್ಲಿ ರಾಣಿ ಸೂರ್ಯಮತಿಯ ವಿನೋದಕ್ಕಾಗಿ ರಚಿತವಾದ ಈ ಗ್ರಂಥದಲ್ಲಿ ೧೮ ಲಂಬಕಗಳು, ೧೨೪ ತರಂಗಗಳು. ಸಾಗರವೆಂದ ಮೇಲೆ ತರಂಗಗಳಿರಬೇಡವೇ! ಸಾತವಾಹನರಾಜನು ಜಲಕ್ರೀಡೆಯಲ್ಲಿ ರಾಣಿಯು ‘ನೀರು ಬೇಡ’ ಎಂದುದನ್ನು ಸಂಧಿ ತಿಳಿಯದೆ ‘ಮೋದಕ’ವೆಂದು ಭ್ರಮಿಸಿ ಲಡ್ಡುಗಳನ್ನು ತರಿಸಿದ ಕಥೆಗೆ ನೆರೆಮನೆಯ ಹೆಂಗಸರೂ ನಕ್ಕರು. ಆ ಅವಮಾನದಿಂದ ರಾಜನಿಗೆ ಸಂಸ್ಕೃತ ಕಲಿಯುವ ಹಟ. ಆರು ವರ್ಷ ಬೇಕೆಂದನು ಗುಣಾಢ್ಯ. ಆರೇ ತಿಂಗಳು ಸಾಕೆಂದನು ಶರ್ವವರ್ಮ. ಪಂಥದಲ್ಲಿ ಸೋತ ಗುಣಾಢ್ಯನು ಬಲ್ಲ ಭಾಷೆಗಳನ್ನೆಲ್ಲ ತೊರೆದು ಕಾಡು ಸೇರಿ, ಪಿಶಾಚರ ಮಾತನ್ನು ಕಲಿತು, ಏಳು ವರ್ಷ ಕುಳಿತು, ಮಸಿಯಿಲ್ಲದುದರಿಂದ ತನ್ನ ರಕ್ತದಿಂದಲೇ ಏಳು ಲಕ್ಷ ಶ್ಲೋಕಗಳ ಕಥೆಯನ್ನು ಬರೆದನು. ರಾಜನು ಅದನ್ನು ಕಣ್ಣೆತ್ತಿಯೂ ನೋಡದೆ ತಿರಸ್ಕರಿಸಿದನು. ಆಗ ಗುಣಾಢ್ಯನು ಬೆಟ್ಟದ ಮೇಲೆ ಬೆಂಕಿಯೊಟ್ಟಿ, ಒಂದೊಂದೇ ಎಲೆಯನ್ನು ಗಟ್ಟಿಯಾಗಿ ಓದಿ ಬೆಂಕಿಗೆ ಹಾಕತೊಡಗಿದನು. ಕಾಡಿನ ಮೃಗಗಳು ಮೇವನ್ನು ಮರೆತು ಸುತ್ತಲೂ ನಿಂತು ಕಣ್ಣೀರಿಡುತ್ತ ಕೇಳಿದವು. ಅವು ಬಡಕಲಾಗಿ, ಅರಮನೆಯ ಮಾಂಸವು ಒಣಗಿ, ಕಾರಣವನ್ನು ಹುಡುಕಿಕೊಂಡು ರಾಜನು ಓಡಿಬರುವ ವೇಳೆಗೆ ಆರು ಲಕ್ಷ ಬೂದಿಯಾಗಿದ್ದಿತು. ಉಳಿದುದು ಒಂದು ಲಕ್ಷ. ಅದೂ ಶಿಷ್ಯರಿಗೆ ಪ್ರಿಯವಾಗಿದ್ದುದರಿಂದ ಉಳಿದುದು.

ನಾವು ಪುಸ್ತಕವನ್ನು ಮುಚ್ಚಿದೆವು. ಹುಡುಗಿಯು ಸ್ವಲ್ಪ ಹೊತ್ತು ಯೋಚಿಸಿ, “ರಾಜನಿಗೆ ಓದುವುದಕ್ಕೆ ಬಿಡುವಿಲ್ಲದಿದ್ದರೆ ಬೇರೆ ಯಾರಾದರೂ ಒಂದು ಸಲ ಓದಿ ನೋಡಬಹುದಿತ್ತಲ್ಲ?” ಎಂದಳು. ನಾವು ಉತ್ತರ ಹೇಳಲಿಲ್ಲ. ಆಕೆಯ ತಾಯಿಯೂ ಹೇಳಲಿಲ್ಲ. ಮರುದಿನ ತಾಯಿಯು ಕಣದಿಂದ ಬಂದವಳು ಪೆಟ್ಟಿಗೆಯ ಮುಂದೆ ನಿಂತು, “ಇವುಗಳಲ್ಲಿ ನಾವು ಓದಬಹುದಾದದ್ದು ಯಾವುದು, ಅದನ್ನು ಬೇರೆ ಮಾಡಿ” ಎಂದಳು. ತಿಂಗಳ ಹಿಂದೆ ಕೇಳಿದುದು ದೇವರ ಪುಸ್ತಕ ಯಾವುದೆಂದು. ಈಗ ಕೇಳಿದುದು ತಮ್ಮ ಪುಸ್ತಕ ಯಾವುದೆಂದು.

ಎಲ್ಲವೂ ಉಳಿಯಿತೆಂದು ಹೇಳಲಾರೆವು. ಎಣಿಸಿದಾಗ ೩೧೨ ಇದ್ದವು. ಗೆದ್ದಲು ತಿಂದವೂ, ಎಂದೋ ರದ್ದಾದ ಪಠ್ಯಕ್ರಮದ ಪರೀಕ್ಷಾ ಸಹಾಯಿಗಳೂ ಸೇರಿ ಅರುವತ್ತರಷ್ಟು ತೂಕಕ್ಕೇ ಹೋದುವು. ಆ ಹಣಕ್ಕೆ ಪೆಟ್ಟಿಗೆಗೆ ಹೊಸ ಕೀಲು ಬಂದಿತು. ಶಾಸನಸಂಪುಟವನ್ನೂ ಸಂಸ್ಕೃತಗ್ರಂಥಗಳನ್ನೂ ಓದಬಲ್ಲವರ ಕೈ ಸೇರಿಸುವ ಹೊಣೆಯನ್ನು ನಾವು ಹೊತ್ತೆವು. ಎರಡು ಪ್ರತಿಗಳಿದ್ದವುಗಳಲ್ಲಿ ಒಂದೊಂದು, ಈಗ ‘ಅರಿವು ಕೇಂದ್ರ’ವೆಂದು ಕರೆಯುವ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆಂದು ಬೇರೆಯಾಯಿತು. ಕಾದಂಬರಿಗಳು, ‘ಹಸುರು ಹೊನ್ನು’, ಮಕ್ಕಳ ಪದ್ಯಗಳು, ಪತ್ತೇದಾರ ಪುರುಷೋತ್ತಮನೂ ಕೂಡ, ದೇವರ ಮನೆಯ ಪಕ್ಕದ ಗೂಡಿನಲ್ಲಿ ಗೀತೆ ಭಾಗವತಗಳ ಜೊತೆಗೆ ನಿಂತುವು. ರಾಗಿಯ ಮೂಟೆಗಳು ನಡುಮನೆಗೆ ಬಂದುವು.

ರಾಗಿಯ ವಿಷಯ ಬಂದುದರಿಂದ ಇನ್ನೊಂದು ಮಾತು. ಹಿಂದಿನವರು ಈ ಧಾನ್ಯವನ್ನು ಹಗೇವುಗಳಲ್ಲಿ ತುಂಬಿ ವರ್ಷಾಂತರಗಳವರೆಗೆ ಕಾಪಾಡುತ್ತಿದ್ದರು. ಅದಕ್ಕೆ ಹುಳು ಬೇಗ ಹಿಡಿಯದು. ಬರಗಾಲದಲ್ಲಿ ಹಗೇವಿನ ಬಾಯಿ ತೆರೆದರೆ ಊರು ಉಳಿಯುತ್ತಿದ್ದಿತು. ಪುಸ್ತಕವೂ ಅಂಥದೇ ದಾಸ್ತಾನು. ಆದರೆ ಹಗೇವು ಎಲ್ಲಿದೆಯೆಂಬುದು ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕು. ಇಲ್ಲವಾದರೆ ಧಾನ್ಯವಿದ್ದೂ ಹಸಿವು. ಗೃಹಸ್ಥರಲ್ಲಿ ನಮ್ಮ ವಿಜ್ಞಾಪನೆ ಇಷ್ಟೆ: ಹಿರಿಯರು ಬಿಟ್ಟ ಪೆಟ್ಟಿಗೆಯು ನಿಮ್ಮ ಅಟ್ಟದ ಮೇಲಿದ್ದರೆ, ತಕ್ಕಡಿಯವನನ್ನು ಕರೆಯುವ ಮೊದಲು ಒಂದು ತಿಂಗಳು ತಡೆಯಿರಿ. ಬೆಳಗ್ಗೆ ಕಷ್ಟವಾದುದನ್ನು ಒಬ್ಬರೇ ಓದಿರಿ. ಸಂಜೆ ಸುಲಭವಾದುದನ್ನು ಎಲ್ಲರಿಗೂ ಕೇಳುವಂತೆ ಓದಿರಿ. ಒಂದು ಜಾತಿಯದನ್ನು ಓದಿದ ಮೇಲೆ ಇನ್ನೊಂದು ಜಾತಿಯದನ್ನು ತೆರೆಯಿರಿ. ಕೆರೆಗೆ ಒಂದೇ ಕಾಲುವೆಯಿಂದ ನೀರು ಬರುವುದಿಲ್ಲ. ಒಂದು ಹಳ್ಳ ಬತ್ತಿದ ವರ್ಷ ಇನ್ನೊಂದು ತುಂಬುತ್ತದೆ.

ನಾವು ಹೊರಟು ಬಂದ ಮೇಲೆ ಹುಡುಗಿಯಿಂದ ಒಂದು ಕಾಗದ ಬಂದಿದೆ. ಅಮ್ಮನಿಗೆ ‘ಮರಳಿ ಮಣ್ಣಿಗೆ’ ಅರ್ಧ ಮುಗಿದಿದೆಯೆಂದೂ, ಅಪ್ಪನು ಬಂದ ಭಾನುವಾರಗಳಲ್ಲಿ ಪತ್ತೇದಾರಿಯನ್ನು ಓದುತ್ತಾನೆಂದೂ, ಹೊಂಗೆಯ ಎಲೆಯಲ್ಲಿ ಐದು ದಳಗಳಿರುವುದೂ ಉಂಟು, ಏಳಿರುವುದೂ ಉಂಟು, ಆದರೆ ತುದಿಯಲ್ಲೊಂದು ಒಂಟಿಯಾಗಿ ಇದ್ದೇ ಇರುತ್ತದೆಯೆಂದೂ ಬರೆದಿದ್ದಾಳೆ.